ಹುಣಸೂರಿನ ಶಾಸಕ ದೇವರಾಜ ಅರಸು: ಸಂಖ್ಯಾಬಲವಿಲ್ಲದವರ ರಾಜಕಾರಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು, ಅವುಗಳಿಂದ ಈಚೆಗೆ ಬೇರ್ಪಟ್ಟ ಸರಗೂರು ಮತ್ತು ಸಾಲಿಗ್ರಾಮಗಳ ಸಹಿತ, ಮೈಸೂರು ಜಿಲ್ಲೆಯಿಂದ ಪ್ರತ್ಯೇಕಿಸಿ ಹೊಸ ಜಿಲ್ಲೆ ರಚಿಸಬೇಕೆಂಬ ಬೇಡಿಕೆ 2019ರಲ್ಲಿ ಹುಣಸೂರು ಉಪಚುನಾವಣೆಗೆ ಮುನ್ನ ಕೇಳಿಬಂದಿತ್ತು. ಬೇಡಿಕೆ ಮುಂದಿಟ್ಟವರು ಎ.ಎಚ್. ವಿಶ್ವನಾಥ್. ಹುಣಸೂರು ಕೇಂದ್ರವಾಗಬೇಕಿದ್ದ ಆ ಜಿಲ್ಲೆಗೆ ಅವರು ಸೂಚಿಸಿದ ಹೆಸರು ಡಿ. ದೇವರಾಜ ಅರಸು. ಚುನಾವಣೆಯಲ್ಲಿ ವಿಶ್ವನಾಥ್ ಸೋತರು, ಜಿಲ್ಲೆಯ ಮಾತೂ ಹಿಂದೆ ಸರಿಯಿತು. ಹೆಸರು ಮಾತ್ರ ಈ ಸೀಮೆಯಲ್ಲಿ ಬೇರೆ ಯಾವ ಹೆಸರಿಗಿಂತಲೂ ಹೆಚ್ಚು ಓಡಾಡುತ್ತದೆ. ರಸ್ತೆಗೆ, ಭವನಕ್ಕೆ, ಕಾಲೇಜಿಗೆ, ನಿಗಮಕ್ಕೆ ಅದೇ ಹೆಸರು. ಇಷ್ಟೆಲ್ಲ ಫಲಕಗಳ ನಡುವೆ ಮರೆಯಾಗಿರುವ ಸಂಗತಿಯೊಂದಿದೆ. ಅರಸು ಅವರು ಮುಖ್ಯಮಂತ್ರಿಯಾಗುವುದಕ್ಕೆ ಬಹಳ ಮೊದಲೇ ಹುಣಸೂರಿನ ಶಾಸಕರಾಗಿದ್ದರು; ಮುಖ್ಯಮಂತ್ರಿಯಾಗಿ ಮಾಡಿದ ಕೆಲಸಗಳ ಲೆಕ್ಕಾಚಾರವನ್ನು ಅವರು ಕಲಿತದ್ದು ಇಲ್ಲಿಯೇ.

1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಅವರ ಜನನ. ಅರಸು ಸಮುದಾಯ ಮೈಸೂರು ರಾಜಮನೆತನದೊಡನೆ ನೆಂಟಸ್ತಿಕೆ ಉಳ್ಳದ್ದು. ಗೌರವವೇನೋ ದೊಡ್ಡದು, ತಲೆ ಎಣಿಸಿದರೆ ಮಾತ್ರ ಬಹಳ ಸಣ್ಣದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದ ಯುವಕ ಅರಮನೆಯ ಉದ್ಯೋಗವನ್ನಾಗಲಿ ಸರ್ಕಾರಿ ನೌಕರಿಯನ್ನಾಗಲಿ ಅರಸದೆ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. ಅವರ ತಮ್ಮ ಕೆಂಪರಾಜ ಅರಸು ಚಿತ್ರರಂಗಕ್ಕೆ ಹೋಗಿ ನಟ, ನಿರ್ದೇಶಕರಾಗಿ ಹೆಸರು ಮಾಡಿದರು. ಅಣ್ಣ ಹೊಲದಲ್ಲಿ ಉಳಿದು, ಅಲ್ಲಿಂದಲೇ ಸಾರ್ವಜನಿಕ ಜೀವನಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಮರುವರ್ಷದ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡರು. ರಾಜಬಂಧುಗಳ ಕುಲದವನೊಬ್ಬ ಕಾಂಗ್ರೆಸ್ ಸೇರಿ ಜೈಲಿಗೆ ಹೋಗುವುದು ಅಂದಿನ ಮೈಸೂರಿನಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ನಾಲ್ಕು ತಾಲ್ಲೂಕುಗಳ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹುಣಸೂರಿಗೆ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರಗಳಿಗೆ ಕಾವೇರಿ, ಎಚ್.ಡಿ. ಕೋಟೆಗೆ ಕಬಿನಿ. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು. ಉಳಿದ ಕಡೆಗಳಲ್ಲಿ ರಾಗಿ, ಜೋಳ, ಹೊಗೆಸೊಪ್ಪು. ಪಶ್ಚಿಮಕ್ಕೆ ಸರಿದಂತೆ ನಾಗರಹೊಳೆ, ಕಾಕನಕೋಟೆಯ ಕಾಡು. ಒಕ್ಕಲಿಗರು, ಕುರುಬರು, ನಾಯಕರು, ದಲಿತರು, ಮುಸ್ಲಿಮರು, ಕುಂಬಾರ, ಮಡಿವಾಳ, ಉಪ್ಪಾರರಂತಹ ಸಣ್ಣ ಸಮುದಾಯಗಳು, ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು. ಇಂತಹ ಕಡೆ ಸ್ವಂತ ಜಾತಿಯ ಮತ ನಂಬಿ ಅರಸು ಸಮುದಾಯದವರು ಗೆಲ್ಲುವುದು ಸಾಧ್ಯವೇ ಇರಲಿಲ್ಲ. ಆದರೂ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ದೇವರಾಜ ಅರಸು ಹುಣಸೂರಿನಿಂದ ವಿಧಾನಸಭೆಗೆ ಆರಿಸಿಬಂದರು. ಮುಂದಿನ ಚುನಾವಣೆಗಳಲ್ಲಿಯೂ ಹುಣಸೂರು ಅವರ ಕೈಬಿಡಲಿಲ್ಲ. ತನ್ನವರೆಂದು ಹೇಳಿಕೊಳ್ಳಲು ಸಾಕಷ್ಟು ಜನರಿಲ್ಲದ ಅಭ್ಯರ್ಥಿ ಎಲ್ಲರ ಮನೆಯ ಬಾಗಿಲಿಗೂ ಹೋಗಬೇಕಾಗುತ್ತದೆ. ಹಾಗೆ ಹೋದವರ ಕಣ್ಣಿಗೆ, ಒಂದೊಂದು ಊರಿನಲ್ಲಿ ಹತ್ತು ಮನೆ, ಐದು ಮನೆಗಳಷ್ಟಿದ್ದು ಯಾವ ಪಕ್ಷವೂ ಲೆಕ್ಕಕ್ಕೆ ಹಿಡಿಯದ ಜನರು ಬೀಳುತ್ತಾರೆ. ಅವರೆಲ್ಲರನ್ನೂ ಕೂಡಿಸಿದರೆ ಯಾವ ದೊಡ್ಡ ಜಾತಿಗಿಂತಲೂ ದೊಡ್ಡ ಸಂಖ್ಯೆ. ಅರಸು ಅವರ ಇಡೀ ರಾಜಕಾರಣದ ಬೀಜ ಈ ಒಂದು ಲೆಕ್ಕದಲ್ಲಿದೆ ಎಂದರೆ ತಪ್ಪಾಗಲಾರದು.

1956ರ ಏಕೀಕರಣದ ನಂತರ ರಾಜ್ಯದ ಅಧಿಕಾರ ಸಮೀಕರಣ ಬದಲಾಯಿತು. ಏಕೀಕರಣಕ್ಕೆ ಮುನ್ನ ಹಳೆಯ ಮೈಸೂರಿನಲ್ಲಿ ಒಕ್ಕಲಿಗ ನಾಯಕತ್ವ ಮೇಲುಗೈ ಪಡೆದಿದ್ದರೆ, ಅನಂತರ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲರವರೆಗೆ ಮುಖ್ಯಮಂತ್ರಿಗಳೆಲ್ಲರೂ ಲಿಂಗಾಯತರು. ಅರಸು ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದರೂ ಅಧಿಕಾರದ ಒಳವಲಯದಲ್ಲಿ ಅವರಿಗೆ ಜಾಗವಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪನವರೇ ಅಖಿಲ ಭಾರತ ಅಧ್ಯಕ್ಷರಾಗಿದ್ದ ಕಾರಣ ರಾಜ್ಯದ ಪಕ್ಷದ ಬಹುಭಾಗ ಅವರ ಹಿಂದೆ ನಿಂತಿತು. ಇಂದಿರಾ ಗಾಂಧಿಯವರ ಪಕ್ಷವನ್ನು ಇಲ್ಲಿ ಕಟ್ಟುವ ಕೆಲಸ ಅರಸು ಅವರ ಪಾಲಿಗೆ ಬಂತು. ಹಿರಿಯರೆಲ್ಲ ಆಚೆ ಕಡೆ ಇದ್ದುದರಿಂದ ಈಚೆ ಕಡೆ ಹೊಸಬರಿಗೆ ಅವಕಾಶವಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ದಕ್ಕಿದವು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165. ಆ ಸಲದ ಟಿಕೆಟ್ ಹಂಚಿಕೆಯಲ್ಲಿ ಹುಣಸೂರಿನ ಪಾಠ ರಾಜ್ಯಮಟ್ಟಕ್ಕೆ ಹೋಯಿತು: ಅದುವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಮುದಾಯಗಳ ಯುವಕರು ಅಭ್ಯರ್ಥಿಗಳಾದರು. ಮಲ್ಲಿಕಾರ್ಜುನ ಖರ್ಗೆ, ವೀರಪ್ಪ ಮೊಯಿಲಿ, ಧರಂಸಿಂಗ್ ಮೊದಲಾದವರು ಶಾಸನ ರಾಜಕಾರಣದಲ್ಲಿ ಬೆಳೆದದ್ದು ಆ ಕಾಲದಲ್ಲಿಯೇ. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಎರಡು ಪ್ರಬಲ ಸಮುದಾಯಗಳ ಹೊರಗಿನಿಂದ ಬಂದ ಮೊದಲಿಗರು ಅವರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಆಡಳಿತದ ಚುಕ್ಕಾಣಿ ಹಿಡಿದಿದ್ದವರು ಹಳೆಯ ಮೈಸೂರಿನ, ಅದರಲ್ಲೂ ರಾಜವಂಶದ ನೆಂಟರ ಕುಲದ ಈ ಹುಣಸೂರಿನವರು.

ಗೇಣಿದಾರರ ಅರ್ಜಿ

ಭೂಸುಧಾರಣೆಯ ಕನಸನ್ನು ಮೊದಲು ಕಂಡವರು ಅರಸು ಅಲ್ಲ. ಉಳುವವನೇ ಹೊಲದೊಡೆಯ ಎಂಬ ಕೂಗು 1951ರ ಕಾಗೋಡು ಸತ್ಯಾಗ್ರಹದ ಕಾಲದಿಂದಲೂ ಸಮಾಜವಾದಿಗಳ ಬಾಯಲ್ಲಿತ್ತು. ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಕಾದಾಡಿದ್ದರು. 1961ರಲ್ಲಿ ಕಾಯ್ದೆಯೊಂದು ಆಗಿಯೂ ಇತ್ತು. ಆದರೆ ಸ್ವಂತ ಸಾಗುವಳಿಯ ನೆಪದಲ್ಲಿ ಒಡೆಯನು ಭೂಮಿ ವಾಪಸು ಪಡೆಯಲು ಅದರಲ್ಲಿ ದಾರಿಗಳಿದ್ದವು, ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ಗೇಣಿದಾರ ಸೋಲುವುದು ಬಹುಮಟ್ಟಿಗೆ ಖಚಿತವಾಗಿತ್ತು. ಅರಸು ಸರ್ಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅಂದಿಗೆ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು, ಅದನ್ನು ಉಳುತ್ತಿದ್ದವನು ಒಡೆತನ ಕೋರಿ ಅರ್ಜಿ ಹಾಕಬಹುದಿತ್ತು.

ಕಾಯ್ದೆಯ ಶಕ್ತಿ ಇದ್ದದ್ದು ಅದರ ಘೋಷಣೆಯಲ್ಲಿ ಅಲ್ಲ, ಏರ್ಪಾಡಿನಲ್ಲಿ. ತಾಲ್ಲೂಕಿಗೆ ಭೂನ್ಯಾಯಮಂಡಳಿ ರಚನೆಯಾಯಿತು. ಸಹಾಯಕ ಆಯುಕ್ತರು ಅಧ್ಯಕ್ಷರು, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸಿವಿಲ್ ನ್ಯಾಯಾಲಯಗಳಿಗೆ ಅಧಿಕಾರವಿರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ, ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯೊಂದೇ ದಾರಿ. ಕಾಗದಪತ್ರವಿಲ್ಲದ ಗೇಣಿದಾರ ಊರ ಮುಂದೆ ನಿಂತು ಈ ಗದ್ದೆ ನಾನು ಉಳುತ್ತಿದ್ದೆನೆಂದು ಹೇಳಿ, ಅಕ್ಕಪಕ್ಕದವರು ಹೌದೆಂದರೆ ಅದಕ್ಕೆ ಬೆಲೆ ಬಂತು. ಮಂಡಳಿಯ ಸದಸ್ಯರ ನೇಮಕದಲ್ಲಿ ಆಳುವ ಪಕ್ಷದ ಹಿತ ಇತ್ತೆಂಬ ಟೀಕೆ ಅಂದೂ ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೆ ಅಂಥ ಮಂಡಳಿಗಳಿಲ್ಲದೆ ಕಾಯ್ದೆ ಜಾರಿಯಾಗುತ್ತಿತ್ತೇ ಎಂಬ ಪ್ರಶ್ನೆಗೆ 1961ರ ಕಾಯ್ದೆಯ ಗತಿಯೇ ಉತ್ತರ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಜಿ ಸಲ್ಲಿಸುವ ಅವಧಿಯನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು. ಭೂಸುಧಾರಣೆಯ ಖಾತೆ ನೋಡಿಕೊಂಡ ಬಿ. ಸುಬ್ಬಯ್ಯ ಶೆಟ್ಟಿಯವರು ಭೂಮಾಲೀಕ ಬಂಟ ಸಮುದಾಯಕ್ಕೆ ಸೇರಿದವರೇ ಆಗಿದ್ದರು.

ಇಲ್ಲೊಂದು ವೈಚಿತ್ರ್ಯವಿದೆ. ಅರಸು ಅವರ ಹೆಸರನ್ನು ಇತಿಹಾಸದಲ್ಲಿ ಉಳಿಸಿದ ಈ ಕಾಯ್ದೆಯ ಲಾಭ ಅವರ ಸ್ವಂತ ಕ್ಷೇತ್ರಕ್ಕೆ ಆದದ್ದು ಕಡಿಮೆ. ಮೂಲಗೇಣಿ, ಚಾಲಗೇಣಿಗಳ ಪದ್ಧತಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ, ಅದೇ ರೀತಿ ಉತ್ತರ ಕನ್ನಡ, ಶಿವಮೊಗ್ಗೆಗಳಲ್ಲಿ ಕಾಯ್ದೆ ಹಳ್ಳಿಯ ಬದುಕನ್ನೇ ತಿರುಗಿಸಿತು. ಮುಡಿ ಮುಡಿ ಅಕ್ಕಿಯನ್ನು ಧಣಿಯ ಅಂಗಳಕ್ಕೆ ಸುರಿಯುತ್ತಿದ್ದ ಮನೆಗಳ ಮಕ್ಕಳು ಶಾಲೆ, ಕಾಲೇಜು, ಬ್ಯಾಂಕಿನ ನೌಕರಿಗಳತ್ತ ನಡೆದರು. ಹಳೆಯ ಮೈಸೂರಿನಲ್ಲಾದರೋ ರೈತ ಬಹುಪಾಲು ತನ್ನ ತುಂಡು ಭೂಮಿಗೆ ತಾನೇ ಒಡೆಯ. ದೊಡ್ಡ ಜಮೀನ್ದಾರರೂ ಕಡಿಮೆ, ಗೇಣಿದಾರರೂ ಕಡಿಮೆ. ಹುಣಸೂರು, ಪಿರಿಯಾಪಟ್ಟಣಗಳ ಬಡವನ ಕಷ್ಟ ಗೇಣಿಯದ್ದಲ್ಲ. ಭೂಮಿಯೇ ಇಲ್ಲದ ಕೂಲಿಯದ್ದು, ಸಾಲದ್ದು. ಭೂಮಿತಿ ಮೀರಿದ ಹೆಚ್ಚುವರಿ ಜಮೀನು ಹಂಚುವ ಭಾಗ ಇಂಥವರಿಗೆ ನೆರವಾಗಬೇಕಿತ್ತು, ಆದರೆ ಕಾಯ್ದೆಯ ಅತ್ಯಂತ ದುರ್ಬಲ ಭಾಗವೇ ಅದಾಯಿತು. ಮಿತಿಯೇ ಉದಾರವಾಗಿತ್ತು, ಪ್ಲಾಂಟೇಷನ್‌ಗಳಿಗೆ ವಿನಾಯಿತಿ ಇತ್ತು, ಕೈಗೆ ಸಿಕ್ಕ ಭೂಮಿ ಅಲ್ಪ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ್ದನ್ನು ಓದುಗರು ಬಲ್ಲರು.

ಭೂಮಿ ಇಲ್ಲದವರಿಗೆ ಅರಸು ಆಡಳಿತದ ಬೇರೆ ಕ್ರಮಗಳು ಹತ್ತಿರವಾದವು. 1976ರ ಋಣಪರಿಹಾರ ಕಾಯ್ದೆ ಸಣ್ಣ ರೈತರ, ಭೂರಹಿತ ಕೂಲಿಕಾರರ ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ತೊಡೆದುಹಾಕಿತು. ಜೀತವಿಮುಕ್ತಿಯ ಕೇಂದ್ರ ಕಾಯ್ದೆಯೂ ಅದೇ ಕಾಲದ್ದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವ ಕ್ರಮವನ್ನು ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಕೈಗೊಂಡರು. 1973ರ ಬೂಸಾ ವಿವಾದದ ಗದ್ದಲದಲ್ಲಿ ಅದೇ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ತಾನೇ ಮುಂದೆ ತಂದ ದಲಿತ ಮಂತ್ರಿಯ ಬೆನ್ನಿಗೆ ಮುಖ್ಯಮಂತ್ರಿ ಕಡೆಯವರೆಗೆ ನಿಲ್ಲಲಿಲ್ಲವೆಂಬ ಅಸಮಾಧಾನ ದಲಿತ ಯುವಕರಲ್ಲಿ ಉಳಿಯಿತು. ದಲಿತ ಚಳವಳಿ ಸಂಘಟಿತವಾದದ್ದು ಅದರ ನಂತರವೇ.

ಹಾವನೂರರ ವರದಿ

ಹುಣಸೂರಿನ ಹಳ್ಳಿಗಳ ಐದು ಮನೆ, ಹತ್ತು ಮನೆಯವರಿಗೆ ನೇರವಾಗಿ ಮುಟ್ಟಿದ್ದು ಭೂಮಿಗಿಂತ ಮೀಸಲಾತಿ. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಳಬ. 1918ರಲ್ಲಿಯೇ ಮಿಲ್ಲರ್ ಸಮಿತಿ ನೇಮಕವಾಗಿತ್ತು. ಆದರೆ ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಕಣಜಕ್ಕೆ ಸುರಿದಾಗ, ಅದರಿಂದ ಮೊರ ತುಂಬಿಕೊಂಡವರು ಪ್ರಬಲರೇ. 1960ರ ದಶಕದ ನಾಗನಗೌಡ ಸಮಿತಿಯ ಆಧಾರದ ಆದೇಶ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅಧಿಕಾರಕ್ಕೆ ಬಂದ ವರ್ಷದ ಆಗಸ್ಟ್‌ನಲ್ಲಿಯೇ ಅರಸು ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. ಆಯೋಗ ಸಮೀಕ್ಷೆ ನಡೆಸಿ, ಎಸ್ಸೆಸ್ಸೆಲ್ಸಿ ಫಲಿತಾಂಶಗಳನ್ನು ಜಾತಿವಾರು ತೂಗಿ, ಸರ್ಕಾರಿ ನೌಕರಿಗಳಲ್ಲಿ ಯಾರೆಷ್ಟಿದ್ದಾರೆಂದು ಎಣಿಸಿ 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು ಎಂಬ ಮೂರು ಗುಂಪುಗಳಿಗೆ ಕ್ರಮವಾಗಿ ಶೇ. 16, 10 ಮತ್ತು 6ರಂತೆ ಒಟ್ಟು ಶೇ. 32 ಮೀಸಲಾತಿ ಅದರ ಶಿಫಾರಸು. ದುರ್ಬಲರೊಳಗಿನ ದುರ್ಬಲನಿಗೆ ಪ್ರತ್ಯೇಕ ಪಾಲು ಇಡುವುದೇ ಈ ವಿಂಗಡಣೆಯ ಉದ್ದೇಶ.

ಲಿಂಗಾಯತರು ಪಟ್ಟಿಯ ಹೊರಗುಳಿದರು, ಒಕ್ಕಲಿಗರು ಒಳಗೆ ಬಂದರು. ಇದು ಬರಿಯ ಸಮೀಕ್ಷೆಯ ಫಲವೆಂದು ನಂಬುವವರು ಕಡಿಮೆ. ಹಳೆಯ ಮೈಸೂರಿನಲ್ಲಿ ಬಲವಾಗಿದ್ದ ಸಮುದಾಯವನ್ನು ಎದುರು ಹಾಕಿಕೊಂಡು ಯಾವ ಮುಖ್ಯಮಂತ್ರಿಯೂ ಹುಣಸೂರಿನಂತಹ ಕ್ಷೇತ್ರದಲ್ಲಿ ನೆಮ್ಮದಿಯಾಗಿರಲಾರ. ವರದಿಗೆ ತೀವ್ರ ವಿರೋಧ ಬಂತು, ನ್ಯಾಯಾಲಯಗಳಿಗೂ ಹೋಯಿತು. 1977ರ ಫೆಬ್ರವರಿ 22ರ ಆದೇಶ, ಬಡತನದ ಆಧಾರದ ವಿಶೇಷ ಗುಂಪೊಂದನ್ನೂ ಸೇರಿಸಿಕೊಂಡು, ಮಾರ್ಪಾಡುಗಳೊಡನೆ ಅದನ್ನು ಜಾರಿಗೆ ತಂದಿತು. ಅದೇ ವರ್ಷ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ, ಪ್ರತ್ಯೇಕ ಅಭಿವೃದ್ಧಿ ನಿಗಮ ಬಂದವು. ನಿಗಮ ಮುಂದೆ ಅರಸು ಅವರ ಹೆಸರನ್ನೇ ಪಡೆಯಿತು. ತಾಲ್ಲೂಕು ಕೇಂದ್ರದ ಹಾಸ್ಟೆಲಿನಲ್ಲಿ ಒಂದು ತಟ್ಟೆ ಊಟ, ಒಂದು ಚಾಪೆಯ ಜಾಗ ಸಿಕ್ಕಿದ್ದರಿಂದ ಹೈಸ್ಕೂಲು ದಾಟಿದ ಮಡಿವಾಳರ, ಸವಿತಾ ಸಮಾಜದವರ, ಗಂಗಾಮತಸ್ಥರ ಮಕ್ಕಳು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಕಾಯ್ದೆಗಳ ಪಟ್ಟಿಯಲ್ಲಿ ಹಾಸ್ಟೆಲು ಸಣ್ಣ ಸಂಗತಿ. ನಮ್ಮ ದೃಷ್ಟಿಯಲ್ಲಿ ಅದು ಸಣ್ಣದಲ್ಲ.

ಲೆಕ್ಕಕ್ಕೆ ಸಿಗದವರು

ಅರಸು ಅವರನ್ನು ಕೊಂಡಾಡುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯವೊಂದು ಅವರ ನೆರೆಯ ಎಚ್.ಡಿ. ಕೋಟೆಯಲ್ಲಿದೆ. ಬೀಚನಹಳ್ಳಿ, ಬಿದರಹಳ್ಳಿಗಳ ಬಳಿಯ ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ, ಭೂನ್ಯಾಯಮಂಡಳಿಗಳ ಬಾಗಿಲು ತೆರೆದ ವರ್ಷವೇ. ಹಳ್ಳಿಗಳೊಂದಿಗೆ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯ ಕಾಡಿನ ಭಾಗವೂ ನೀರಿನಡಿ ಸೇರಿತು. 1972ರಲ್ಲಿ ಕೇಂದ್ರದ ವನ್ಯಜೀವಿ ಕಾಯ್ದೆ, 1973ರಲ್ಲಿ ಬಂಡೀಪುರಕ್ಕೆ ಹುಲಿ ಯೋಜನೆ, ಅದರ ಬೆನ್ನಿಗೆ ನಾಗರಹೊಳೆಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಕ್ರಮ. ಇವೆಲ್ಲದರ ನಡುವೆ ಸಿಕ್ಕಿಕೊಂಡವರು ಜೇನುಕುರುಬರು, ಬೆಟ್ಟಕುರುಬರು, ಯರವರು. ಕಾಡಿನೊಳಗಿನ ಹಾಡಿಗಳಿಂದ ಎಬ್ಬಿಸಲ್ಪಟ್ಟ ಅನೇಕ ಕುಟುಂಬಗಳು ಕಾಡಂಚಿನಲ್ಲಿ, ಕೊಡಗಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ನೆಲೆ ಹುಡುಕಿದವು.

ಉಳುವವನಿಗೆ ಭೂಮಿ ಕೊಟ್ಟ ಕಾಯ್ದೆ ಇವರಿಗೆ ಏನನ್ನೂ ಕೊಡಲಿಲ್ಲ, ಕೊಡಲು ಅದಕ್ಕೆ ಸಾಧ್ಯವೂ ಇರಲಿಲ್ಲ. ಗೇಣಿದಾರನಾಗಬೇಕಾದರೆ ಒಬ್ಬ ಒಡೆಯನಿರಬೇಕು. ಜೇನುಕುರುಬನಿಗೆ ಒಡೆಯನೂ ಇರಲಿಲ್ಲ, ಪಹಣಿಯೂ ಇರಲಿಲ್ಲ. ಅವನು ಗೆಡ್ಡೆಗೆಣಸು ಅಗೆದು ಜೇನು ಕೀಳುತ್ತಿದ್ದ ನೆಲದ ಒಡೆಯ ಅರಣ್ಯ ಇಲಾಖೆ. ಜೇನುಕುರುಬರು ಮತ್ತು ಕೊರಗರನ್ನು ರಾಜ್ಯದ ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಗುರುತಿಸಿತಾದರೂ ಅರಣ್ಯದ ಮೇಲಿನ ಹಕ್ಕಿಗೆ ಕಾನೂನಿನ ರೂಪ ಬರಲು 2006ರ ಅರಣ್ಯಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಹುಣಸೂರು ತಾಲ್ಲೂಕಿನ ನಾಗಾಪುರ ಪುನರ್ವಸತಿ ಕೇಂದ್ರ ನಾಗರಹೊಳೆಯಿಂದ ಹೊರತಂದವರಿಗಾಗಿ ಮಾಡಿದ್ದು. ಕಲ್ಲಹಳ್ಳಿ ಇರುವುದೂ ಅದೇ ತಾಲ್ಲೂಕಿನಲ್ಲಿ. ಅಣೆಕಟ್ಟಿನ ಯೋಜನೆ ಅರಸು ಅವರಿಗಿಂತ ಹಿಂದಿನದು, ವನ್ಯಜೀವಿ ಕಾಯ್ದೆ ದೆಹಲಿಯದು ಎಂಬುದನ್ನು ಹೇಳಲೇಬೇಕು. ಆದರೆ ಎಣಿಕೆಗೆ ಸಿಗದವರನ್ನು ಎಣಿಸಿದ ನಾಯಕನ ಎಣಿಕೆಯೂ ಕಾಡಿನ ಗಡಿಯ ಬಳಿ ನಿಂತುಹೋಯಿತೆಂಬುದೂ ನಿಜ.

ಏರಿಳಿತ

ತುರ್ತು ಪರಿಸ್ಥಿತಿಯಲ್ಲಿ ಕರ್ನಾಟಕ ಉತ್ತರದ ರಾಜ್ಯಗಳಷ್ಟು ಅತಿರೇಕ ಕಾಣಲಿಲ್ಲವೆನ್ನುವುದುಂಟು. ಹಾಗೆಂದು ಆ ದಿನಗಳನ್ನು ಹಗುರಾಗಿ ಕಾಣುವಂತಿಲ್ಲ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅದೇ ಸೆರೆಮನೆಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರ ಆರೋಗ್ಯ ಕುಸಿದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತು. ಭೂಮಿ ಪಡೆದವರು, ಮೀಸಲಾತಿ ಪಡೆದವರು ಮರೆತಿರಲಿಲ್ಲ.

ದೆಹಲಿಯ ಜನತಾ ಸರ್ಕಾರ ಅರಸು ವಿರುದ್ಧದ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಕೆಲವು ಆರೋಪಗಳಲ್ಲಿ ಸ್ವಜನಪಕ್ಷಪಾತ ನಡೆದಿದೆಯೆಂದು ಆಯೋಗ ಹೇಳಿತು. ಪಕ್ಷ ಕಟ್ಟಲು ಹಣ ಬೇಕು, ಹಣ ತರುವವರಿಗೆ ಅವಕಾಶ ಬೇಕು ಎಂಬ ವ್ಯವಹಾರ ಅರಸು ಕಾಲದಲ್ಲಿ ಬೆಳೆಯಿತೆಂಬ ಆಪಾದನೆ ಅವರ ಅಭಿಮಾನಿಗಳಿಗೂ ಸಂಪೂರ್ಣ ತಳ್ಳಿಹಾಕಲಾಗದ್ದು. 1977ರ ಡಿಸೆಂಬರ್ 31ರಂದು ಸರ್ಕಾರ ವಜಾ ಆಯಿತು. ಎರಡು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ 224ರಲ್ಲಿ 149 ಸ್ಥಾನ ಗೆದ್ದು ಅವರು ಮತ್ತೆ ಮುಖ್ಯಮಂತ್ರಿಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು 70,000ಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ಲೋಕಸಭೆಗೆ ಕಳುಹಿಸಿದ್ದೂ ಅರಸು ಸಂಘಟನೆಯೇ.

ಅಲ್ಲಿಂದ ಮುಂದೆ ಇಬ್ಬರ ನಡುವೆ ಬಿರುಕು ಬೆಳೆಯಿತು. 1979ರ ಜೂನ್‌ನಲ್ಲಿ ಅರಸು ಪಕ್ಷದಿಂದ ಉಚ್ಚಾಟನೆಗೊಂಡರು. ಶಾಸಕರಲ್ಲಿ ಬಹುತೇಕರು ಆಗ ಅವರ ಜತೆಗೇ ನಿಂತರು, ಅವರ ಹೆಸರಿನ ಕಾಂಗ್ರೆಸ್ಸೇ ಹುಟ್ಟಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಾಗ ಅದೇ ಶಾಸಕರು ಗುಂಪುಗುಂಪಾಗಿ ಮರಳಿದರು. ಹೆಸರಿಲ್ಲದವರಿಗೆ ಹೆಸರು ಕೊಟ್ಟವನಿಂದ ಅವರು ದೂರವಾದ ವೇಗ ಅಂದಿನ ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ಅರಸು ಮತಗಳನ್ನು ಒಟ್ಟುಗೂಡಿಸಿದ್ದರು, ಆದರೆ ಆ ಮತಗಳನ್ನು ಹಿಡಿದಿಡುವ ಪಕ್ಷವನ್ನು ಕಟ್ಟಿರಲಿಲ್ಲ; ಗುರುತು ಇಂದಿರಾ ಅವರದಾಗಿಯೇ ಉಳಿದಿತ್ತು. ಜನವರಿ 12ರಂದು ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಎರಡು ಅವಧಿಗಳಲ್ಲಿ ಸೇರಿ ಏಳೂವರೆ ವರ್ಷಕ್ಕೂ ಹೆಚ್ಚು ಕಾಲದ ಅರಸು ಆಡಳಿತ ಹಾಗೆ ಮುಗಿಯಿತು.

ಅವರು ಸುಮ್ಮನೆ ಕೂರಲಿಲ್ಲ. ಕರ್ನಾಟಕ ಕ್ರಾಂತಿರಂಗ ಕಟ್ಟಿ ಮತ್ತೆ ತಾಲ್ಲೂಕು ತಾಲ್ಲೂಕು ಸುತ್ತುವ ಸಿದ್ಧತೆಯಲ್ಲಿದ್ದಾಗ, 1982ರ ಜೂನ್ 6ರಂದು, ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 66 ವರ್ಷ. ಏಳು ತಿಂಗಳ ನಂತರ, 1983ರ ಜನವರಿಯಲ್ಲಿ, ಬಂಗಾರಪ್ಪನವರ ನೇತೃತ್ವದ ಕ್ರಾಂತಿರಂಗ ಮತ್ತು ಜನತಾ ಪಕ್ಷಗಳು ಜತೆಗೂಡಿ ರಾಜ್ಯದಲ್ಲಿ ಕಾಂಗ್ರೆಸ್ಸನ್ನು ಮೊದಲ ಬಾರಿಗೆ ಸೋಲಿಸಿದವು. 1991ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ಕ್ಷೇತ್ರದಲ್ಲಿ ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರನ್ನು ಮಣಿಸಿ ಸಂಸತ್ತಿಗೆ ಹೋದವರು ಕಲ್ಲಹಳ್ಳಿಯ ಅರಸು ಅವರ ಮಗಳು, ಚಂದ್ರಪ್ರಭಾ ಅರಸು.